ಮುನ್ನೂರು ವರ್ಷದ ಬ್ರೆಡ್ಡು

ಕನ್ನಡಕದಂಗಡಿಯವನ ಹೆಂಡತಿ ಬ್ರೆಡ್ಡಿನ ಒಂದು ಚೂರನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಆದದ್ದು ಇಷ್ಟೇ. ಇಷ್ಟಕ್ಕೆಲ್ಲ ಗಂಡನಾದವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಳ್ಳುತ್ತದೆಯೇ ಎಂದು ನೀವು ಕೇಳಬಹುದು. ಆ ಬ್ರೆಡ್ಡನ್ನು ಮಾಡಿದವರು ಕೆಳಮನೆಯ ಹಲ್ಲಿನ ಡಾಕ್ಟರಾಗಿದ್ದರೆ, ಅವರು ಒಂಟಿ ಮನುಷ್ಯರಾಗಿದ್ದರೆ, ಸಾಲದ್ದಕ್ಕೆ ಅರವತ್ತು ದಾಟಿದರೂ ತಲೆತುಂಬ ಕೂದಲು ಉಳಿಸಿಕೊಂಡಿದ್ದರೆ, ಖಂಡಿತ ಹತ್ತಿಕೊಳ್ಳುತ್ತದೆ.

ಮದುವೆಯಾದಾಗಿನಿಂದ ತಾನು ತಂದುಕೊಟ್ಟ ಯಾವ ವಸ್ತುವಿಗೂ ಅವಳು ಹಾಗೆ ಕಣ್ಣು ಮುಚ್ಚಿದ್ದನ್ನು ಅವನು ಕಂಡಿರಲಿಲ್ಲ. ವಾಚು ತಂದಾಗ ಬೆಲೆ ಕೇಳಿದ್ದಳು. ಸೆಂಟು ತಂದಾಗ ಸೀನಿದ್ದಳು. ಅವನ ಕೈಯಾರೆ ಫ್ರೇಮು ಆರಿಸಿ ಕನ್ನಡಕ ಮಾಡಿಸಿಕೊಟ್ಟಾಗಂತೂ ಅದನ್ನು ಹಾಕಿಕೊಂಡು ಅವನನ್ನೇ ನೋಡಿ, "ಅಯ್ಯೋ, ನಿಮ್ಮ ಕಿವಿ ಹತ್ರ ಇಷ್ಟೊಂದು ಬೆಳ್ಳಗಾಗಿದೆಯಾ?" ಎಂದಿದ್ದಳು. ಈಗ ಪರರ ಮನೆಯ ಒಂದು ಚೂರು ಬ್ರೆಡ್ಡಿಗೆ ಈ ಪರವಶತೆ.

ಹಲ್ಲಿನ ಡಾಕ್ಟರು ನಿವೃತ್ತರಾದ ಮೇಲೆ ಹಳೆಯ ಕಾಲದ ಬ್ರೆಡ್ಡುಗಳ ಹಿಂದೆ ಬಿದ್ದಿದ್ದರು. ಜೀವಮಾನವೆಲ್ಲ ಜನರ ಬಾಯಿ ತೆಗೆಸಿ ಬೈದವರು ಈಗ ಅವೇ ಬಾಯಿಗಳಿಗೆ ತುತ್ತು ಹಾಕಿ ಪಾಪ ಕಳೆದುಕೊಳ್ಳುತ್ತಿದ್ದರು ಎನ್ನಬೇಕು. ಮುನ್ನೂರು ವರ್ಷದ ಹಿಂದೆ ಯಾವುದೋ ಊರಿನ ಯಾವುದೋ ಅಜ್ಜಿ ಹೇಳಿದ ವಿಧಾನವನ್ನು ಎಲ್ಲಿಂದಲೋ ಹುಡುಕಿ ತರುವುದು, ತಮ್ಮ ಅಡುಗೆಮನೆಯ ಕರೆಂಟಿನ ಓವನ್ನಿನಲ್ಲಿ ಅದನ್ನು ಹಾಗೇ ಮಾಡಿ ನೋಡುವುದು, ಶನಿವಾರ ಸಂಜೆ ಕಟ್ಟಡದವರನ್ನೆಲ್ಲ ಕರೆದು ತಿನ್ನಿಸುವುದು. ಆ ಅಜ್ಜಿಯರಿಗೆ ಗಡಿಯಾರವೂ ಇರಲಿಲ್ಲ, ತಕ್ಕಡಿಯೂ ಇರಲಿಲ್ಲ. 'ಎರಡು ಹಸುವಿನ ಹಾಲು ಕರೆಯುವಷ್ಟು ಹೊತ್ತು ನಾದು' ಎಂದು ಹೇಳಿ ಅವರು ನಿಶ್ಚಿಂತೆಯಿಂದ ಸತ್ತುಹೋಗಿದ್ದರು. ಅದನ್ನು ಬಿಡಿಸಿ ಅರ್ಥ ಮಾಡುವುದರಲ್ಲಿ ಡಾಕ್ಟರದು ಎತ್ತಿದ ಕೈ.

ಆ ಶನಿವಾರ ಅವರು ಇನ್ನೊಂದು ಹೊಸ ಯೋಚನೆ ಹೊರಗೆ ಬಿಟ್ಟರು. ಹಿಂದಿನ ಕಾಲದಲ್ಲಿ ಊರಿಗೆಲ್ಲ ಒಂದೇ ಓವನ್ ಇರುತ್ತಿತ್ತು, ಮನೆಮನೆಯವರೂ ಹಿಟ್ಟು ನಾದಿ ಅಲ್ಲಿಗೆ ಕಳಿಸುತ್ತಿದ್ದರು, ನಾಳೆ ನಾವೂ ಹಾಗೇ ಮಾಡೋಣ ಎಂದರು. ಎಲ್ಲರಿಗೂ ಒಂದೇ ಅಳತೆಯ, ಮುಚ್ಚಳವಿರುವ ಮಣ್ಣಿನ ಪಾತ್ರೆ ಕೊಟ್ಟರು. ಹಿಟ್ಟನ್ನು ಉಬ್ಬಿಸಲು ತಮ್ಮ ಮನೆಯ ಹುಳಿಹಿಟ್ಟು ಒಂದೊಂದು ಬಟ್ಟಲು, ಜೊತೆಗೆ ಅಜ್ಜಿಯೊಬ್ಬಳ ವಿಧಾನ ಬರೆದ ಒಂದೊಂದು ಚೀಟಿ ಕೊಟ್ಟರು. ಪಾತ್ರೆಯ ಬಾಯಿಗೆ ಮುಚ್ಚಳ ಮುಚ್ಚಿ, ಸುತ್ತ ಹಿಟ್ಟಿನ ಅಂಟು ಮೆತ್ತಿ ಸೀಲು ಮಾಡಬೇಕು. ಯಾವುದು ಯಾರದೆಂದು ತಿಳಿಯಲು ಮುಚ್ಚಳದ ಮೇಲೆ ತಮ್ಮ ಮನೆಯ ಗುರುತನ್ನು ಹಿಟ್ಟಿನಲ್ಲೇ ಮಾಡಿ ಅಂಟಿಸಬೇಕು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಪಾತ್ರೆಯೂ ಅವರ ಮೇಜಿನ ಮೇಲಿದ್ದರೆ, ಸಂಜೆ ಮಹಡಿಯ ಮೇಲೆ ಎಲ್ಲರೆದುರಿಗೆ ಸೀಲು ಒಡೆದು ತಿನ್ನುವುದು.

ಮನೆಗೆ ಬಂದ ಮೇಲೆ ಹೆಂಡತಿ ತಾನೇ ಮಾಡುವುದಾಗಿ ಹೊರಟಳು. ಅವನು ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, ತಾನು ಮಾಡುತ್ತೇನೆ ಎಂದ. ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀವಾ?" ಎಂದಳು. ಆ ಒಂದು ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ತನ್ನ ಕೈಯ ಬ್ರೆಡ್ಡನ್ನು ತಿಂದು, ಡಾಕ್ಟರ ಎದುರಿನಲ್ಲೇ ಅವಳು ಕಣ್ಣು ಮುಚ್ಚಬೇಕು. ಅದಿಲ್ಲದೆ ತಾನು ಗಂಡಸಲ್ಲ ಎಂದು ಅವನು ತೀರ್ಮಾನಿಸಿದ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಮೊದಲನೆಯ ತೊಡಕು ಎದುರಾಯಿತು. ನೀರು ಕರುವಿನ ಮೂತಿಯಷ್ಟು ಬೆಚ್ಚಗಿರಬೇಕು ಎಂದು ಅಜ್ಜಿ ಹೇಳಿದ್ದಳು. ನಮ್ಮವನು ಹುಟ್ಟಿದಾಗಿನಿಂದ ಮನುಷ್ಯರ ಮೂಗಿನ ಮೇಲೆ ಕನ್ನಡಕ ಕೂರಿಸಿದವನೇ ಹೊರತು ಕರುವಿನ ಮೂತಿ ಮುಟ್ಟಿದವನಲ್ಲ. ಡಾಕ್ಟರನ್ನೇ ಒಂದು ಮಾತು ಕೇಳಬಹುದಲ್ಲ ಎಂದು ಹೆಂಡತಿ ಸೂಚಿಸಿದಳು. ಅಲ್ಲಿಗೆ ಆ ದಾರಿ ಮುಚ್ಚಿತು. ಬಿಸಿಗೆ ತಾನೇ ಹಿಟ್ಟು ಉಬ್ಬುವುದು, ಅಂದಮೇಲೆ ಬಿಸಿ ಹೆಚ್ಚಾದಷ್ಟೂ ಹೆಚ್ಚು ಉಬ್ಬಬೇಕು ಎಂದು ತರ್ಕ ಮಾಡಿ, ಕುದಿಯುವ ನೀರನ್ನೇ ಹುಳಿಹಿಟ್ಟಿನ ಮೇಲೆ ಸುರಿದ. ಹುಳಿಹಿಟ್ಟಿನಲ್ಲಿ ಜೀವವಿರುತ್ತದೆ, ಅದರ ಉಸಿರಿನಿಂದಲೇ ಬ್ರೆಡ್ಡು ಉಬ್ಬುತ್ತದೆ ಎಂದು ಡಾಕ್ಟರು ಹಿಂದಿನ ದಿನ ವಿವರಿಸಿದ್ದರು. ಆಗ ಅವನು ಡಾಕ್ಟರ ಕೂದಲನ್ನು ನೋಡುತ್ತ ಕೂತಿದ್ದ. ರಾತ್ರಿಯಿಡೀ ಬುಳುಬುಳು ಎನ್ನುತ್ತಿದ್ದ ಬಟ್ಟಲು ಒಮ್ಮೆಲೇ ಮೌನವಾಯಿತು. ಅದನ್ನು ಅವನು ಒಳ್ಳೆಯ ಲಕ್ಷಣವೆಂದು ತಿಳಿದ.

ಆಮೇಲೆ ನಾದುವ ಕೆಲಸ. ಎರಡು ಹಸು ಕರೆಯುವಷ್ಟು ಹೊತ್ತು ಎಂದರೆ, ಹಸು ಸಾಧುವಾದದ್ದೋ ಒದೆಯುವಂಥದ್ದೋ ಅಜ್ಜಿ ಹೇಳಿರಲಿಲ್ಲ. ಒದೆಯುವಂಥದ್ದೇ ಇರಲಿ ಎಂದು ಅವನು ತೋಳು ಬಿದ್ದುಹೋಗುವ ತನಕ ನಾದಿದ. ಹಿಟ್ಟು ತಲೆಗೂದಲಿಗೆ, ಹುಬ್ಬಿಗೆ, ಗೋಡೆಯ ಸ್ವಿಚ್ಚಿಗೆ ಮೆತ್ತಿಕೊಂಡಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಬಟ್ಟೆ ಒಣಹಾಕಲು ಹೊರಟುಹೋದಳು.

ಅಜ್ಜಿಯ ಮುಂದಿನ ಅಪ್ಪಣೆ ಇನ್ನೂ ವಿಚಿತ್ರವಾಗಿತ್ತು. ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ, ನೀನು ಆಗತಾನೆ ಎದ್ದ ಹಾಸಿಗೆಯ ಬಿಸಿಯಲ್ಲಿ ಮಲಗಿಸು ಎಂದಿದ್ದಳು. ಅವನು ಎದ್ದು ಯಾವ ಕಾಲವೋ ಆಗಿತ್ತು. ಆದರೂ ವಿಧಾನ ತಪ್ಪಬಾರದೆಂದು ಹಾಲ್‌ನಲ್ಲಿದ್ದ ದಿವಾನದ ಮೇಲೆ ಕಂಬಳಿ ಹೊದ್ದು ಸ್ವಲ್ಪ ಹೊತ್ತು ಮಲಗಿ, ಬೆವರಿ, ಎದ್ದು, ತನ್ನ ಜಾಗದಲ್ಲಿ ಹಿಟ್ಟನ್ನು ಮಲಗಿಸಿ ಕಂಬಳಿ ಹೊದಿಸಿದ. ಕೈ ತೊಳೆದು ಬರುವಷ್ಟರಲ್ಲಿ ಎದುರುಮನೆಯ ಟೈಲರಮ್ಮ ಒಳಗೆ ಬಂದು ಅದರ ಮೇಲೆ ಕೂತಾಗಿತ್ತು.

ಟೈಲರಮ್ಮನನ್ನು ಕಟ್ಟಡದವರು ಬೆನ್ನ ಹಿಂದೆ ರೇಡಿಯೋ ಎನ್ನುತ್ತಿದ್ದರು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲ ಮಹಡಿಗಳಿಗೂ ಪ್ರಸಾರವಾಗುತ್ತಿತ್ತು. ನೀವು ನನ್ನ ಹಿಟ್ಟಿನ ಮೇಲೆ ಕೂತಿದ್ದೀರಿ ಎಂದು ಅವಳಿಗೆ ಹೇಳುವುದೂ ಒಂದೇ, ಮೈಕು ಹಿಡಿದು ಬೀದಿಯಲ್ಲಿ ಕೂಗುವುದೂ ಒಂದೇ. ಅವನು ಬಾಯಿ ಬಿಡಲಿಲ್ಲ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲುತ್ತಿಲ್ಲ, ಕನ್ನಡಕದ ನಂಬರು ಬದಲಾಗಿದೆಯೇನೋ ಎಂದು ಶುರು ಮಾಡಿದವಳು, ಮಾತಿನ ನಡುವೆ ಕೆಳಮನೆಯ ಸುದ್ದಿಗೆ ಇಳಿದಳು. ಡಾಕ್ಟರ ಹಿಟ್ಟನ್ನು ಅವಳು ಬೆಳಿಗ್ಗೆಯೇ ನೋಡಿಕೊಂಡು ಬಂದಿದ್ದಳಂತೆ. ಎಳೆಕೂಸಿನ ಕೆನ್ನೆಯ ಹಾಗೆ ಉಬ್ಬಿದೆಯಂತೆ. ಬೆರಳಿಟ್ಟರೆ ತಾನಾಗಿ ಮೇಲೆ ಬರುತ್ತದಂತೆ. ಆ ಕೈಗೆ ಎಂಥ ನಯ, ನನ್ನ ದವಡೆ ಹಲ್ಲು ಕಿತ್ತಾಗ ಕಿತ್ತದ್ದೇ ಗೊತ್ತಾಗಲಿಲ್ಲ, ಒಂಟಿ ಗಂಡಸು ಮನೆಯನ್ನ ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ ಎಂದು ಅವಳು ಹೊಗಳಿದ್ದೇ ಹೊಗಳಿದ್ದು. ಮಾತಿಗೊಮ್ಮೆ ಆ ಕಡೆ ಈ ಕಡೆ ವಾಲಿ ಕೂತಳು. ಅವಳು ವಾಲಿದಾಗಲೆಲ್ಲ ನಮ್ಮವನಿಗೆ ಎದೆಯಲ್ಲಿ ಏನೋ ಚಪ್ಪಟೆಯಾದಂತೆ ಆಗುತ್ತಿತ್ತು. ಶತ್ರುವಿನ ಸ್ತೋತ್ರವನ್ನು ತನ್ನ ಹಿಟ್ಟಿನ ಮೇಲೆ ಕೂತವರ ಬಾಯಿಂದ ಕೇಳಬೇಕಾದ ಗತಿ ಯಾರಿಗೂ ಬರಬಾರದು.

ಕಡೆಗೆ ಅವಳು ಎದ್ದಳು. ಬಾಗಿಲವರೆಗೆ ಹೋಗಿ, ತಿರುಗಿ, ಕನಿಕರದಿಂದ ಹೇಳಿದಳು:

"ನಿಮ್ಮ ಹಾಸಿಗೆ ತುಂಬಾ ಗಂಟುಗಂಟಾಗಿದೆ ನೋಡಿ. ಹತ್ತಿ ತೆಗೆಸಿ ಹೊಸದು ತುಂಬಿಸಿ. ಬೆನ್ನಿಗೆ ಒಳ್ಳೇದಲ್ಲ."

ಕಂಬಳಿ ಸರಿಸಿ ನೋಡಿದಾಗ ಹಿಟ್ಟು ಚಾಪೆಯ ಹಾಗೆ ಮಲಗಿತ್ತು. ಅವನು ಅದನ್ನು ಮಡಿಸಿ ಪಾತ್ರೆಗೆ ತುರುಕಿ, ಹೆಂಡತಿ ನೋಡುವ ಮೊದಲೇ ಮುಚ್ಚಳ ಮುಚ್ಚಿ, ಸುತ್ತ ಅಂಟು ಮೆತ್ತಿ ಸೀಲು ಮಾಡಿದ. ಉಳಿದ ಹಿಟ್ಟಿನಲ್ಲಿ ಒಂದು ಕನ್ನಡಕ ಮಾಡಿ ಮುಚ್ಚಳದ ಮೇಲೆ ಅಂಟಿಸಿದ. ಅದೊಂದು ಮಾತ್ರ ಬಹಳ ಚೆನ್ನಾಗಿ ಬಂತು.

ಹೆಂಡತಿ ಯಾವಾಗ ಬಂದು ಹಿಂದೆ ನಿಂತಿದ್ದಳೋ ಏನೋ. "ಬೇಕಾದ್ರೆ ಇನ್ನೊಂದ್ಸಲ ಕಲಸೋಣ್ವಾ?" ಎಂದು ಮೆಲ್ಲಗೆ ಕೇಳಿದಳು. ಎಲ್ಲ ಸರಿಯಾಗಿದೆ, ಅಜ್ಜಿ ಹೇಳಿದ ಹಾಗೇ ಆಗಿದೆ ಎಂದು ಅವನು ಸಿಡುಕಿದ. ಹಾಗಾದರೆ ಪಾತ್ರೆಯನ್ನು ತಾನು ಕೆಳಗೆ ಇಟ್ಟು ಬರುತ್ತೇನೆ, ನೀವು ತಲೆಗೆ ನೀರು ಹಾಕಿಕೊಳ್ಳಿ, ಹುಬ್ಬು ಒಣಗಿ ಬಿರುಕು ಬಿಡುತ್ತಿದೆ ಎಂದು ಅವಳು ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟಳು.

ಅವನು ತಲೆ ತೊಳೆದು, ಒರೆಸಿ, ಬಾಚಿದರೂ ಅವಳು ಬರಲಿಲ್ಲ. ಒಂದು ಪಾತ್ರೆಯನ್ನು ಒಂದು ಮೇಜಿನ ಮೇಲೆ ಇಡಲು ಇಷ್ಟು ಹೊತ್ತೇ? ಬಂದಾಗ ಅವಳ ಮುಖ ಕೆಂಪಾಗಿತ್ತು. ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತ, ಕೇಳಿಯೂ ಕೇಳದ ಹಾಗೆ ಏನೋ ಗುನುಗುತ್ತಿದ್ದಳು. ಯಾಕೆ ತಡವಾಯಿತು ಎಂದರೆ, ಸುಮ್ಮನೆ, ಎಲ್ಲರ ಗುರುತುಗಳನ್ನೂ ನೋಡ್ತಾ ನಿಂತೆ ಎಂದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಲ್ಲಿ ಡಾಕ್ಟರು ಏನು ಹೇಳಿರಬಹುದು, ಇವಳು ಏನು ನಕ್ಕಿರಬಹುದು, ಈ ಗುನುಗು ಯಾವ ಸಂತೋಷಕ್ಕೆ ಎಂದು ಯೋಚಿಸಿ ಯೋಚಿಸಿ ಅವನಿಗೆ ಊಟ ಸೇರಲಿಲ್ಲ. ಇಷ್ಟಾದ ಮೇಲೆ ಸಂಜೆ ಆ ಚಾಪೆ ಹೊರಬಿದ್ದು, ಡಾಕ್ಟರ ಎಳೆಕೂಸಿನ ಕೆನ್ನೆಯೂ ಪಕ್ಕದಲ್ಲೇ ಹೊರಬಿದ್ದರೆ, ತನ್ನ ಸಂಸಾರ ನೆಟ್ಟಗಾಗುವುದುಂಟೇ ಎಂದು ಅವನು ಕಂಗಾಲಾದ.

ಡಾಕ್ಟರು ಊಟವಾದ ಮೇಲೆ ಕುರ್ಚಿಯಲ್ಲೇ ಒಂದು ನಿದ್ದೆ ತೆಗೆಯುತ್ತಾರೆ, ಎದ್ದು ಓವನ್ ಹಚ್ಚುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆಂದು ಹೇಳಿ ಅವನು ಬೆಣ್ಣೆ ಸವರುವ ಚಾಕುವನ್ನು ಜೇಬಿಗಿಳಿಸಿದ. ಕೆಳಮನೆಯ ಬಾಗಿಲು ತೆರೆದೇ ಇತ್ತು. ಡಾಕ್ಟರು ತಲೆಯನ್ನು ಹಿಂದಕ್ಕೆ ಚೆಲ್ಲಿ ನಿದ್ರಿಸುತ್ತಿದ್ದರು. ಒಳಗೆ ಅಡುಗೆಮನೆಯ ಮೇಜಿನ ಮೇಲೆ ಒಂದೇ ಅಚ್ಚಿನ ಪಾತ್ರೆಗಳು ಸಾಲಾಗಿ ಕೂತಿದ್ದವು. ಒಂದರ ಮೇಲೆ ಕತ್ತರಿ, ಅದು ಟೈಲರಮ್ಮನದು. ಒಂದರ ಮೇಲೆ ಲಕೋಟೆ, ಅದು ಮೇಲ್ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರದು. ಒಂದರ ಮೇಲೆ ಕನ್ನಡಕ. ಮೂಲೆಯಲ್ಲಿ ಒಂದರ ಮೇಲೆ, ಎರಡು ಬೇರಿನ ದೊಡ್ಡ ದವಡೆ ಹಲ್ಲು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಹಲ್ಲಿನ ಕೆಳಗೆ ಚಾಕು ತೂರಿಸಿ ಮೀಟುತ್ತಿದ್ದಾಗ ಹಾಲ್‌ನಿಂದ ಡಾಕ್ಟರ ಧ್ವನಿ ಸ್ಪಷ್ಟವಾಗಿ ಕೇಳಿಸಿತು:

"ಬಾಯಿ ತೆಗೀರಿ."

ಅವನು ಬಾಯಿ ತೆಗೆದ. ತೆಗೆದುಕೊಂಡೇ, ಕೈಯಲ್ಲಿ ಕಿತ್ತ ಹಲ್ಲು ಹಿಡಿದು, ಕಂಬದಂತೆ ನಿಂತ. ಮುಂದಿನ ಮಾತು ಬರಲಿಲ್ಲ, ಗೊರಕೆ ಬಂತು. ಡಾಕ್ಟರು ನಿದ್ದೆಯಲ್ಲಿ ಯಾವುದೋ ಹಳೆಯ ರೋಗಿಯನ್ನು ನೋಡುತ್ತಿದ್ದರು. ಅವನು ಬೇಗಬೇಗ ಕನ್ನಡಕವನ್ನೂ ಎಬ್ಬಿಸಿ, ಎರಡಕ್ಕೂ ನೀರು ಸವರಿ, ಕನ್ನಡಕವಿದ್ದಲ್ಲಿ ಹಲ್ಲನ್ನೂ ಹಲ್ಲಿದ್ದಲ್ಲಿ ಕನ್ನಡಕವನ್ನೂ ಅಂಟಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದ. ಮೆಟ್ಟಿಲು ಹತ್ತುವಾಗ ಮಾತ್ರ, ತಾನೂ ಒಮ್ಮೆ ಗುನುಗಬಹುದು ಅನ್ನಿಸಿತು.

ಸಂಜೆ ಮಹಡಿಯ ಮೇಲೆ ಎಲ್ಲರೂ ಸೇರಿದರು. ಡಾಕ್ಟರು ಬೆಂದ ಪಾತ್ರೆಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಡಿಸಿದ್ದರು. ಅಂಟು, ಗುರುತು ಎಲ್ಲ ಸುಟ್ಟು ಕಲ್ಲಾಗಿದ್ದವು. ಜೀವಮಾನವೆಲ್ಲ ಸೀಲು ಹಾಕಿದ ಕೈ ಎಂಬ ಗೌರವಕ್ಕೆ ಪೋಸ್ಟ್‌ಮಾಸ್ಟರ ಕೈಗೆ ಪುಟ್ಟ ಸುತ್ತಿಗೆ ಕೊಡಲಾಗಿತ್ತು. ಪಾತ್ರೆಗಳು ಅದಲುಬದಲಾಗದಂತೆ ತಮ್ಮ ತಮ್ಮ ಗುರುತು ನೋಡಿಕೊಳ್ಳಿ ಎಂದು ಡಾಕ್ಟರು ಸಹಜವಾಗಿ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಮ್ಮವನ ಕೈ ಜೇಬಿನಲ್ಲಿದ್ದ ಚಾಕುವಿನ ಮೇಲೆ ಹೋಯಿತು.

ಆದರೆ ಗೆಲುವು ಖಚಿತವಾದವನಿಗೆ ಬರುವ ಔದಾರ್ಯ ಅವನಿಗೂ ಬಂತು. ಎರಡು ಮಾತು ಆಡುತ್ತೇನೆಂದು ಎದ್ದು ನಿಂತ. ಹಿರಿಯರು ಇಷ್ಟು ದಿನ ನಮಗೆಲ್ಲ ತಿನ್ನಿಸಿದ್ದಾರೆ, ಕೈ ಎಂದಮೇಲೆ ಒಂದು ದಿನ ಹೆಚ್ಚುಕಮ್ಮಿ ಆಗುತ್ತದೆ, ವಯಸ್ಸೂ ಆಯಿತು, ಆದ್ದರಿಂದ ಈ ದಿನ ಡಾಕ್ಟರ ಪಾತ್ರೆಯಿಂದ ಏನೇ ಹೊರಗೆ ಬಂದರೂ ಯಾರೂ ನಗಬಾರದು ಎಂದು ಕೇಳಿಕೊಂಡ. ಜನ ಮುಖಮುಖ ನೋಡಿಕೊಂಡರು. ಡಾಕ್ಟರು ಕೈಮುಗಿದು, ಬಹಳ ಉಪಕಾರ ಎಂದರು. ಅವನು ಹೆಂಡತಿಯ ಕಡೆ ನೋಡಿದ. ಅವಳು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದಳು. ಪಕ್ಕಕ್ಕೆ ಬಂದು ಕೂತಾಗ, "ನಮ್ದೇ ಮೊದಲು ಒಡೀಲಿ ಬಿಡಿ, ಯಾಕೆ ಕಾಯ್ಬೇಕು?" ಎಂದು ಪಿಸುಗುಟ್ಟಿದಳು. ಇವಳಿಗೆ ಎಲ್ಲಿಂದ ಬಂತು ಈ ಧೈರ್ಯ ಎಂದು ಅವನಿಗೆ ಆಶ್ಚರ್ಯವಾದರೂ, ಯೋಚಿಸುವಷ್ಟು ವ್ಯವಧಾನವಿರಲಿಲ್ಲ.

ಪೋಸ್ಟ್‌ಮಾಸ್ಟರು ಕನ್ನಡಕದ ಗುರುತಿನ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡು ಸುತ್ತ ಟಕಟಕ ಬಡಿದರು. ಅಂಟು ಒಡೆದು ಮುಚ್ಚಳ ಎದ್ದಿತು. ಒಳಗೆ ಬೂದು ಬಣ್ಣದ, ಮಡಿಕೆ ಮಡಿಕೆಯಾದ, ಹೊಳೆಯುವ ಏನೋ ಒಂದು ಇತ್ತು. ಪೋಸ್ಟ್‌ಮಾಸ್ಟರು ಅದಕ್ಕೂ ಸುತ್ತಿಗೆಯಿಂದ ಎರಡು ಏಟು ಹಾಕಿದರು. ಸುತ್ತಿಗೆ ಪುಟಿಯಿತು.

"ಇದು ಇನ್ನೊಂದು ಮುಚ್ಚಳಾನಾ?" ಎಂದು ಕೇಳಿದರು.

ಟೈಲರಮ್ಮ ಮೊದಲು ನಕ್ಕಳು, ಆಮೇಲೆ ಎಲ್ಲರೂ. ಡಾಕ್ಟರ ಪಾತ್ರೆ ಒಡೆದಾಗ ಆ ಪರಿಮಳಕ್ಕೆ ನಗು ನಿಂತಿತು. ಹೊಂಬಣ್ಣದ ಗುಂಡನೆಯ ಬ್ರೆಡ್ಡು ಪಾತ್ರೆಯಿಂದ ಮೇಲೆದ್ದು ನಿಂತಿತ್ತು. ಕನ್ನಡಕದಂಗಡಿಯವನು ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಹಲ್ಲು ಹಲ್ಲೇ ಆಗಿತ್ತು, ಕನ್ನಡಕ ಕನ್ನಡಕವೇ ಆಗಿತ್ತು. ತನ್ನ ಕೈಯಾರೆ ಕಿತ್ತು ಅಂಟಿಸಿದ್ದು ಸುಳ್ಳೇ? ಅವನಿಗೆ ತಲೆ ಗಿರ್ ಎಂದಿತು. ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ತನ್ನಿಂದ ಅವಳಿಗೆ ಅವಮಾನವಾಯಿತು ಎಂದುಕೊಂಡ.

ಆಗ ಡಾಕ್ಟರು ಮುಂದೆ ಬಂದು, ಆ ಬೂದು ಮುದ್ದೆಯ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದರು. ನುಂಗಿ, ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಹಿಂದೆ ಸಮುದ್ರದ ಮೇಲೆ ಹೋಗುವವರು ಇಂಥ ಬ್ರೆಡ್ಡನ್ನೇ ಕಟ್ಟಿಕೊಂಡು ಹೋಗುತ್ತಿದ್ದರು, ಹುಳ ಹಿಡಿಯುವುದಿಲ್ಲ, ಬೂಜು ಬರುವುದಿಲ್ಲ ಎಂದರು. ಹುಳುವಿಗೂ ಹಲ್ಲು ಬೇಕಲ್ಲ ಎಂದು ಪೋಸ್ಟ್‌ಮಾಸ್ಟರು ಸೇರಿಸಿದರು. ಮತ್ತೆ ನಗೆ ಎದ್ದಿತು.

ಮನೆಗೆ ಬಂದು ಇಬ್ಬರೂ ದಿವಾನದ ಮೇಲೆ ಕೂತರು. ಡಾಕ್ಟರೇ ಎದ್ದು ಬಂದು ತನ್ನ ಕಳ್ಳತನ ನೋಡಿರಬೇಕು, ನಾಳೆ ಎಲ್ಲರಿಗೂ ಹೇಳುತ್ತಾರೆ ಎಂದು ಅವನು ಒಳಗೊಳಗೇ ಬೆವರುತ್ತಿದ್ದ. ಹೆಂಡತಿ ಬೆರಳು ಹಿಸುಕಿಕೊಳ್ಳುತ್ತ ಕೂತಿದ್ದವಳು, ನೆಲ ನೋಡುತ್ತ ಬಾಯಿಬಿಟ್ಟಳು.

"ಒಂದು ವಿಷಯ ಹೇಳ್ತೀನಿ, ಬೈಬೇಡಿ. ಮಧ್ಯಾಹ್ನ ಪಾತ್ರೆ ಇಡೋಕೆ ಹೋದಾಗ ಡಾಕ್ಟರು ಅಂಗಳದಲ್ಲಿದ್ರು. ನಾನು ಗುರುತು ಬದಲಾಯಿಸಿಬಿಟ್ಟೆ. ಅವರ ಹಲ್ಲು ನಮ್ಮ ಪಾತ್ರೆಗೆ, ನಮ್ಮ ಕನ್ನಡಕ ಅವರ ಪಾತ್ರೆಗೆ."

ಅವನು ಅವಳನ್ನೇ ನೋಡಿದ.

"ಟೈಲರಮ್ಮ ಅದರ ಮೇಲೆ ಕೂತು ಅವರನ್ನ ಹೊಗಳ್ತಾ ಇದ್ರೆ, ನೀವು ಪಾಪ ಕೈ ಕಟ್ಟಿಕೊಂಡು ನಿಂತಿದ್ರಿ. ಬಟ್ಟೆ ಒಣಹಾಕಿ ಬಂದವಳು ಬಾಗಿಲಿಂದ ಎಲ್ಲಾ ನೋಡಿದೆ, ತಡೆಯೋಕೆ ಆಗಲಿಲ್ಲ. ಅವರನ್ನ ಎಲ್ಲರೂ ದಿನಾ ಹೊಗಳ್ತಾರೆ. ನನ್ನ ಗಂಡನ್ನೂ ಒಂದು ದಿನ ಹೊಗಳಲಿ ಅಂತ ಆಸೆಯಾಯ್ತು."

ಇಷ್ಟು ವರ್ಷ ಯಾವ ಮಾತಿಗಾಗಿ ಅವನು ಹಂಬಲಿಸಿದ್ದನೋ ಅದಕ್ಕಿಂತ ದೊಡ್ಡ ಮಾತು ಇದು. ಆ ಗುನುಗು, ಆ ಕೆಂಪು ಮುಖ, ಎಲ್ಲ ತನಗಾಗಿಯೇ ಆಗಿತ್ತು. ಕೈ ಹಿಡಿದುಕೊಳ್ಳಬೇಕೆಂದು ಮುಂದಕ್ಕೆ ಬಾಗಿದವನಿಗೆ ಆಗ ಲೆಕ್ಕ ಹೊಳೆಯಿತು. ಅವಳು ಅದಲು ಮಾಡಿದ್ದಳು, ತಾನು ಹೋಗಿ ಬದಲು ಮಾಡಿದ್ದ. ಹೆಂಡತಿ ಪ್ರೀತಿಯಿಂದ ತನ್ನ ಹೆಸರಿಗೆ ಮಾಡಿಟ್ಟಿದ್ದ ಬ್ರೆಡ್ಡನ್ನು ತಾನೇ ಕದ್ದು ಡಾಕ್ಟರಿಗೆ ಒಪ್ಪಿಸಿ ಬಂದಿದ್ದ.

"ಆದ್ರೆ ಡಾಕ್ಟರಿಗೆ ಗೊತ್ತಾಗಿಬಿಟ್ಟಿದೆ" ಎಂದು ಅವಳು ಕಣ್ಣೊರೆಸಿಕೊಂಡಳು. "ಯಾವಾಗಲೋ ಸದ್ದಿಲ್ಲದೆ ತಿರುಗಿ ಸರಿಮಾಡಿಟ್ಟಿದ್ದಾರೆ. ಎಲ್ಲರೆದುರಿಗೆ ಒಂದು ಮಾತು ಆಡಲಿಲ್ಲ ನೋಡಿ. ಅದರ ಮೇಲೆ ನಿಮ್ಮ ಬ್ರೆಡ್ ತಿಂದು ನಿಮ್ಮ ಮರ್ಯಾದೆ ಬೇರೆ ಉಳಿಸಿದ್ರು. ಎಂಥ ದೊಡ್ಡ ಮನಸ್ಸು ರೀ ಅವರದು."

ಅವನು ಬಾಯಿ ತೆರೆದ. ಸರಿಮಾಡಿದವರು ಡಾಕ್ಟರಲ್ಲ ಎಂದು ಹೇಳಬೇಕೆಂದರೆ, ಮತ್ತೆ ಯಾರು ಎಂದೂ ಹೇಳಬೇಕಾಗುತ್ತದೆ. ಪಕ್ಕದಲ್ಲಿ ಕೂತ ಹೆಂಡತಿ ಕೆಳಮನೆಯ ಮನುಷ್ಯನನ್ನು ಮನಸ್ಸಿನಲ್ಲಿ ಎತ್ತೆತ್ತಿ ಪೀಠದ ಮೇಲೆ ಕೂರಿಸುತ್ತಿರುವುದು ಅವನಿಗೆ ಕಣ್ಣಾರೆ ಕಾಣುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಅವನು ಬಾಯಿ ಮುಚ್ಚಿಕೊಂಡ.

"ಅವರು ಒಬ್ಬರೇ ಇರ್ತಾರೆ. ಇನ್ಮೇಲೆ ಭಾನುವಾರ ರಾತ್ರಿ ಊಟಕ್ಕೆ ಇಲ್ಲಿಗೇ ಬರಲಿ" ಎಂದಳು ಅವಳು. "ನಂಗೆ ಅವರ ಮುಖ ನೋಡೋಕೆ ನಾಚಿಕೆ. ನೀವೇ ಹೋಗಿ ಕರೆದು ಬನ್ನಿ, ಈಗಲೇ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಬಾಗಿಲ ಹತ್ತಿರ ನಿಂತು, ಎಷ್ಟು ಹೊತ್ತಿಗೆ ಬರಬೇಕೆಂದು ಹೇಳಲಿ ಎಂದು ಕೇಳಿದ.